ಜೋಡಿ ನಿಮ್ಮದು, ಕಥೆ ಯಾರದು?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಸೀರಿಯಲ್ ಫ್ಯಾನ್ ಫಿಕ್ಷನ್ ಬಗ್ಗೆ, ಅಂದರೆ ಸೀರಿಯಲ್ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳೇ ಬರೆಯುವ ಕಥೆಗಳ ಬಗ್ಗೆ. ಪರದೆಯ ಮೇಲಿನ ಜೋಡಿಯೇ ಅಂತಿಮವೋ, ಅಭಿಮಾನಿ ಕಟ್ಟಿದ ಜೋಡಿಗೂ ಜಾಗ ಉಂಟೋ ಎಂಬ ಜಗಳ.

ಪ್ರಶ್ನೆ: ದಿನಾ ನೋಡುವ ಸೀರಿಯಲ್‌ನಲ್ಲಿ ನಾಯಕಿಗೆ ಒಬ್ಬ ಉದ್ಯಮಿಯ ಜತೆ ಮದುವೆಯಾಗಿದೆ. ನಾನು ಬರೆಯುತ್ತಿರುವ ಕಥೆಯಲ್ಲಿ ಅವಳ ಜೋಡಿ ಬಾಲ್ಯದ ಗೆಳೆಯ, ಡಾಕ್ಟರು. ಗೆಳತಿಯರು ‘ಕ್ಯಾನನ್ ಬಿಟ್ಟು ಬರೆಯೋದು ತಪ್ಪು’ ಅಂತಾರೆ. ತಪ್ಪೇ?
— ಓದುಗರು, ಬಸವನಗುಡಿ

ಉತ್ತರ: ತಪ್ಪೇನಿಲ್ಲ, ಆದರೆ ಖರ್ಚಿದೆ.

ಕ್ಯಾನನ್ ಚರ್ಚಿನಿಂದ ಬಂದ ಮಾತು. ಯಾವ ಗ್ರಂಥಗಳು ಅಧಿಕೃತ ಎಂದು ಹೇಳುವ ಪಟ್ಟಿ. ಷರ್ಲಾಕ್ ಹೋಮ್ಸ್ ಅಭಿಮಾನಿಗಳು ಅದನ್ನು ಅರ್ಧ ತಮಾಷೆಗೆ ಎತ್ತಿಕೊಂಡು, ಕಾನನ್ ಡಾಯ್ಲ್ ಬರೆದ 56 ಸಣ್ಣಕಥೆ, 4 ಕಾದಂಬರಿಗಳಿಗೆ ಅಂಟಿಸಿದರು. ಸೀರಿಯಲ್ ವಿಷಯದಲ್ಲಿ ಅದರ ಅರ್ಥ ‘ಇದು ಪರದೆಯ ಮೇಲೆ ನಡೆದಿದೆ’ ಅನ್ನುವುದಷ್ಟೇ. ‘ಇವರಿಬ್ಬರೇ ಸರಿಜೋಡಿ’ ಎಂಬ ತೀರ್ಪು ಅದರೊಳಗಿಲ್ಲ.

ಜೋಡಿ ಬದಲಿಸುವ ಚಾಳಿಯಂತೂ ಕನ್ನಡಕ್ಕೆ ಸಾವಿರ ವರ್ಷ ಹಳೆಯದು. 941ರ ಸುಮಾರಿಗೆ ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದಾಗ ದ್ರೌಪದಿಯನ್ನು ಐವರ ಹೆಂಡತಿಯಾಗಿ ಉಳಿಸಲಿಲ್ಲ, ಅರ್ಜುನನೊಬ್ಬನಿಗೇ ಕೊಟ್ಟ. ಆಶ್ರಯ ಕೊಟ್ಟ ದೊರೆ ಅರಿಕೇಸರಿಯನ್ನು ಅರ್ಜುನನಲ್ಲೇ ಕಂಡಿದ್ದ ಕವಿ. ದೊರೆಯ ಹೆಂಡತಿಯನ್ನು ಐದು ಪಾಲು ಮಾಡಲಾದೀತೇ? ಆದರೆ ಆಮೇಲಿನ ಗೋಜಲು ನೋಡಿ. ದ್ರೌಪದಿಯ ಸೇಡು ತೀರಿಸಿ ಅವಳ ಮುಡಿ ಕಟ್ಟುವವನು ಭೀಮ, ಗಂಡನಲ್ಲ. ಕೊನೆಗೆ ಪಟ್ಟಾಭಿಷೇಕದಲ್ಲಿ ಅರ್ಜುನನ ಪಕ್ಕ ಕೂರುವವಳು ಸುಭದ್ರೆ. ಅಷ್ಟು ಅವಮಾನ ಉಂಡವಳು ಪಕ್ಕಕ್ಕೆ ಸರಿದಳು. ಕೆಲವು ದಶಕಗಳ ಮೇಲೆ ರನ್ನ ‘ಗದಾಯುದ್ಧ’ದಲ್ಲಿ ಭೀಮನನ್ನೇ ನಾಯಕನನ್ನಾಗಿಸಿ, ಅವನಿಗೂ ದ್ರೌಪದಿಗೂ ಪಟ್ಟ ಕಟ್ಟಿಸಿದ. ಇವತ್ತಿನ ಮಾತಲ್ಲಿ ಹೇಳುವುದಾದರೆ ಇಬ್ಬರದೂ ಬೇರೆ ಬೇರೆ ‘ಶಿಪ್’, ಅಂದರೆ ಒಂದಾಗಲಿ ಎಂದು ಬಯಸುವ ಜೋಡಿ. ಪಂಪ ದೊಡ್ಡ ಕವಿ, ಅದರಲ್ಲಿ ಎರಡು ಮಾತಿಲ್ಲ. ಈ ಒಂದು ಲೆಕ್ಕದಲ್ಲಿ ಮಾತ್ರ ರನ್ನನದೇ ಬಿಗಿ. ಸೇಡು, ಮುಡಿ, ಪಟ್ಟ ಮೂರೂ ಒಂದೇ ಜೋಡಿಗೆ ಬಂದು ಸೇರುತ್ತವೆ.

ಈಗ ನಿಮ್ಮ ಡಾಕ್ಟರ ವಿಷಯಕ್ಕೆ ಬರೋಣ. ಸೀರಿಯಲ್‌ನಲ್ಲಿ ಆ ಉದ್ಯಮಿ ನಾಯಕಿಯ ಅಪ್ಪನ ಸಾಲ ತೀರಿಸಿದ್ದರೆ, ನಿಮ್ಮ ಕಥೆಯಲ್ಲೂ ಆ ಋಣ ಹಾಗೇ ಕೂತಿರುತ್ತದೆ. ಅದನ್ನು ಮುಟ್ಟದೆ ಡಾಕ್ಟರಿಗೆ ತಾಳಿ ಕೊಟ್ಟರೆ ಓದುಗರಿಗೆ ಚುಚ್ಚುವುದು ಜೋಡಿಯಲ್ಲ, ಆ ಬಾಕಿ. ನಿಮ್ಮ ಗೆಳತಿಯರ ಸಿಟ್ಟಿನ ಮೂಲವೂ ಬಹುಶಃ ಅಲ್ಲೇ ಇದೆ.

ಪ್ರಶ್ನೆ: ನನ್ನ ಕಥೆ ಓದಿದವರು ‘ಇವನು ನಮ್ಮ ಹೀರೋ ಅಲ್ಲವೇ ಅಲ್ಲ’ ಅಂತಾರೆ. ಎಲ್ಲಿ ತಪ್ಪುತ್ತಿದ್ದೇನೆ?
— ಓದುಗರು, ಮಲ್ಲೇಶ್ವರ

ಉತ್ತರ: ಕಳಿಸಿದ ಮೂರು ಅಧ್ಯಾಯ ಓದಿದೆವು. ಎರಡನೇ ಅಧ್ಯಾಯದ ಕೊನೆಯಲ್ಲಿ ನಾಯಕಿ ‘ಸರ್, ಫೈಲ್ ಟೇಬಲ್ ಮೇಲಿಟ್ಟಿದ್ದೀನಿ’ ಅನ್ನುತ್ತಾಳೆ. ಮೂರನೆಯದರ ಮೊದಲ ಪುಟದಲ್ಲಿ ‘ನಿಂಗೆ ಏನಾಗಿದೆ ಕಣೋ?’ ನಡುವೆ ಒಂದು ರಾತ್ರಿ ಮಾತ್ರ ಕಳೆದಿದೆ. ಹಳಿ ತಪ್ಪಿದ್ದು ಇಲ್ಲೇ.

ಕನ್ನಡದಲ್ಲಿ ಪ್ರೇಮ ಎಷ್ಟು ದೂರ ಬಂತು ಅನ್ನುವುದನ್ನು ಸಂಬೋಧನೆಯೇ ಹೇಳಿಬಿಡುತ್ತದೆ. ‘ಸರ್’ ಮೊದಲು ಬಾಯಿ ತಪ್ಪಿ ಒಮ್ಮೆ ಬಿದ್ದುಹೋಗಬೇಕು. ಆಮೇಲೆ ಕೆಲವು ಕಾಲ ಹೆಸರೂ ಇಲ್ಲದ, ಸರ್ರೂ ಇಲ್ಲದ ಬರೀ ‘ನೀವು’ ನಡೆಯಬೇಕು. ಹೇಗೆ ಕರೆಯಬೇಕೆಂದು ತೋಚದ ಆ ಮುಜುಗರದಲ್ಲೇ ಅರ್ಧ ಕಥೆ ಇರುತ್ತದೆ. ‘ನೀನು’ ಬರುವುದು ಜಗಳದಲ್ಲೋ ಅಳುವಿನಲ್ಲೋ. ಕೆಲವು ಪಾತ್ರಗಳಿಗೆ ಅದು ಬರುವುದೇ ಇಲ್ಲ, ನೇರ ‘ರೀ’ಗೆ ಹೋಗುತ್ತವೆ. ಆ ‘ರೀ’ಯಲ್ಲೂ ಎರಡು ಬಗೆ. ಆಫೀಸಿನಲ್ಲಿ ಬಾಸ್ ಹೇಳುವ ‘ಏನ್ರೀ ಇದು’ ಬೇರೆ, ಅಡುಗೆಮನೆಯಿಂದ ಕೇಳಿಬರುವ ‘ರೀ...’ ಬೇರೆ.

ಹಾಗಾಗಿ ಬರೆಯಲು ಕೂರುವ ಮೊದಲು ಒಂದು ಕೆಲಸ ಮಾಡಿ. ಕಥೆ ಎಲ್ಲಿ ಕವಲೊಡೆಯಬೇಕೋ ಆ ಎಪಿಸೋಡ್, ಅದರ ಹಿಂದಿನ ಎರಡು, ಒಟ್ಟು ಮೂರನ್ನು ಮತ್ತೆ ನೋಡಿ. ಪ್ರತಿ ಪಾತ್ರಕ್ಕೂ ಮೂರು ವಿಷಯ ಬರೆದಿಟ್ಟುಕೊಳ್ಳಿ: ಈ ಹೊತ್ತಿಗೆ ಅವನಿಗೆ ಯಾವ ಗುಟ್ಟು ಗೊತ್ತು, ಯಾರ ಋಣದಲ್ಲಿದ್ದಾನೆ, ಯಾರನ್ನು ಹೇಗೆ ಕರೆಯುತ್ತಾನೆ. ಕವಲಿನಲ್ಲಿ ಬದಲಾಗುವ ಘಟನೆ ಒಂದೇ ಇರಲಿ. ತಲುಪದ ಒಂದು ಕಾಗದ, ತಪ್ಪಿದ ಒಂದು ಬಸ್ಸು, ಇಷ್ಟು ಸಾಕು. ಮೂರು ಘಟನೆ ಒಟ್ಟಿಗೆ ಬದಲಿಸಿದರೆ ನಾಯಕ ಹಾಗೇಕೆ ನಡೆದುಕೊಂಡ ಎಂಬುದಕ್ಕೆ ಕಾರಣ ಸಿಗದೆ, ಅವನು ಬೇರೆಯವನಂತೆ ಕಾಣುತ್ತಾನೆ.

ಮಾತಿನ ಧಾಟಿಯನ್ನೂ ಕೈಬಿಡಬೇಡಿ. ಇಡೀ ಸೀರಿಯಲ್‌ನಲ್ಲಿ ‘ಐತೆ, ಬತ್ತೀನಿ’ ಅನ್ನುತ್ತಿದ್ದ ಮಂಡ್ಯ ಕಡೆಯ ಹುಡುಗ ಪ್ರೀತಿ ಹೇಳಿಕೊಳ್ಳುವಾಗ ಏಕಾಏಕಿ ಭಾವಗೀತೆಯ ಕನ್ನಡಕ್ಕೆ ಜಿಗಿಯುವುದು ಬೇಡ. (ಜಯನಗರದಿಂದ ವೈಟ್‌ಫೀಲ್ಡ್‌ಗೆ ಸಂಜೆ ಆರಕ್ಕೆ ಹತ್ತೇ ನಿಮಿಷದಲ್ಲಿ ಕಾರು ತಲುಪಿಸಿದ್ದೀರಿ. ಸೀರಿಯಲ್‌ನವರೂ ಅಷ್ಟು ಧೈರ್ಯ ಮಾಡುವುದಿಲ್ಲ.)

ಪ್ರಶ್ನೆ: ಎರಡು ಹೆಸರುಗಳ ನಡುವೆ ಕೆಲವರು ಓರೆಗೆರೆ (/) ಹಾಕುತ್ತಾರೆ, ಕೆಲವರು ‘&’ ಹಾಕುತ್ತಾರೆ. ವ್ಯತ್ಯಾಸವೇನು?
— ಓದುಗರು, ವಿಜಯನಗರ

ಉತ್ತರ: ಓರೆಗೆರೆ ಅಂದರೆ ಪ್ರೇಮ, ‘&’ ಅಂದರೆ ಸ್ನೇಹ ಅಥವಾ ಮನೆಮಂದಿಯ ಬಾಂಧವ್ಯ. 1970ರ ದಶಕದಲ್ಲಿ ಅಮೆರಿಕದ ಟಿವಿ ಸರಣಿ ‘ಸ್ಟಾರ್ ಟ್ರೆಕ್’ನ ಅಭಿಮಾನಿಗಳು ಕರ್ಕ್ ಮತ್ತು ಸ್ಪಾಕ್ ಹೆಸರುಗಳ ನಡುವೆ ಈ ಗೆರೆ ಎಳೆದು ರೂಢಿಗೆ ತಂದರು. ‘ಶಿಪ್’ ಎಂಬುದು 1990ರ ದಶಕದಲ್ಲಿ ಅಲ್ಲಿಯದೇ ಇನ್ನೊಂದು ಸರಣಿ ‘ಎಕ್ಸ್ ಫೈಲ್ಸ್’ನ ಅಭಿಮಾನಿಗಳಿಂದ ಬಂತು; ಅದರ ನಾಯಕ ಮಲ್ಡರ್ ಮತ್ತು ನಾಯಕಿ ಸ್ಕಲಿ ಒಂದಾಗಲಿ ಎಂದವರು ‘ರಿಲೇಶನ್‌ಶಿಪ್ಪರ್’ ಅಂದುಕೊಂಡರು, ಅದೇ ಮೊಟಕಾಯಿತು. ಅಣ್ಣ ತಂಗಿಯ ಕಥೆಗೆ ಅಪ್ಪಿತಪ್ಪಿಯೂ ಓರೆಗೆರೆ ಹಾಕಬೇಡಿ. ಕಥೆಯ ನೆತ್ತಿಯಲ್ಲೇ ಜೋಡಿ ಯಾವುದು, ಯಾವ ಎಪಿಸೋಡ್‌ನಿಂದ ಮೂಲ ಬಿಟ್ಟಿದ್ದೀರಿ, ಕಥೆ ಮುಗಿದಿದೆಯೋ ಇಲ್ಲವೋ ಎಂದು ಬರೆದುಬಿಟ್ಟರೆ ಮುಕ್ಕಾಲು ಜಗಳ ಹುಟ್ಟುವುದೇ ಇಲ್ಲ.

ಪ್ರಶ್ನೆ: ನಾನು ಹತ್ತು ಅಧ್ಯಾಯ ಬರೆದ ಮೇಲೆ ಸೀರಿಯಲ್‌ನಲ್ಲಿ ಬೇರೆಯದೇ ನಡೆಯಿತು. ತಿದ್ದಲೇ?
— ಓದುಗರು, ಯಲಹಂಕ

ಉತ್ತರ: ಬೇಡ. ‘ಇಂಥ ಎಪಿಸೋಡ್‌ವರೆಗೆ ಮಾತ್ರ ಮೂಲ’ ಎಂದು ಒಂದು ಸಾಲು ಸೇರಿಸಿ ಮುಂದುವರಿಸಿ. ಪ್ರತಿ ಗುರುವಾರ ಟಿಆರ್‌ಪಿ ಬರುತ್ತದೆ, ಅದನ್ನು ನೋಡಿ ಕಥೆಯ ಟ್ರ್ಯಾಕ್ ಅತ್ತಿತ್ತ ವಾಲುತ್ತದೆ. ಅದರ ಬೆನ್ನು ಹತ್ತಿದರೆ ನಿಮ್ಮ ಕಥೆ ಎಂದೂ ಮುಗಿಯದು. ಪ್ರೋಮೋ ನೋಡಿಯಂತೂ ತಿದ್ದಲೇಬೇಡಿ. ಪ್ರೋಮೋದಲ್ಲಿ ಕೊರಳಿಗೆ ಬಿದ್ದ ತಾಳಿ ಮಹಾಸಂಚಿಕೆಯಲ್ಲಿ ಕನಸಾಗಿಬಿಡುತ್ತದೆ.

ಪ್ರಶ್ನೆ: ಪಾತ್ರ ಬಿಟ್ಟು, ನಟ ನಟಿಯರನ್ನೇ ಜೋಡಿ ಮಾಡಿ ಬರೆಯಬಹುದೇ?
— ಓದುಗರು, ರಾಜಾಜಿನಗರ

ಉತ್ತರ: ಬರೆಯಬೇಡಿ. ಅವರಿಗೆ ಅವರದೇ ಮನೆ, ಸಂಸಾರ ಇದೆ. ಪಾತ್ರದ ಕಥೆಯನ್ನೂ ಅವರಿಗೆ ಟ್ಯಾಗ್ ಮಾಡಬೇಡಿ, ದುಡ್ಡಿಗೆ ಮಾರಬೇಡಿ. ಪಾತ್ರಗಳ ಹಕ್ಕು ನಿಮ್ಮದಲ್ಲ.

ಪ್ರಶ್ನೆ: ನನ್ನ ಜೋಡಿ ಒಂದಾಗಬೇಕಾದರೆ ಮೂಲದ ಹೆಂಡತಿಯನ್ನು ಏನು ಮಾಡಲಿ? ಲಾರಿ ಆಕ್ಸಿಡೆಂಟ್ ಬಿಟ್ಟು ಬೇರೇನೂ ಹೊಳೆಯುತ್ತಿಲ್ಲ.
— ಓದುಗರು, ಹನುಮಂತನಗರ

ಉತ್ತರ: ಲಾರಿ ಡ್ರೈವರನ್ನು ಬಿಟ್ಟುಬಿಡಿ, ಪಾಪ. ರಾತ್ರೋರಾತ್ರಿ ಅವಳನ್ನು ವಿಲನ್ ಮಾಡುವುದೂ ಅದೇ ಸೋಮಾರಿತನ. ಹೋಗುವ ತೀರ್ಮಾನ ಅವಳದೇ ಆಗಲಿ, ಅದಕ್ಕೆ ಒಂದು ಪೂರ್ತಿ ಅಧ್ಯಾಯ ಕೊಡಿ. ಹೋದ ಮೇಲೆ ಮನೆಯಲ್ಲಿ ಅವಳ ಜಾಗ ಖಾಲಿ ಕಾಣಬೇಕು. ಸೀರಿಯಲ್‌ನಲ್ಲಿ ಅತ್ತೆಗೆ ದಿನಾ ಬೆಳಿಗ್ಗೆ ಬಿಪಿ ಮಾತ್ರೆ ಕೊಡುತ್ತಿದ್ದವಳು ಅವಳೇ ತಾನೆ? ಮಾರನೆಯ ಬೆಳಿಗ್ಗೆ ನೀರಿನ ಲೋಟ ಹಿಡಿದು ಬಂದ ನಿಮ್ಮ ಹೊಸ ಜೋಡಿಯ ಹುಡುಗಿಗೆ ಮಾತ್ರೆಯ ಡಬ್ಬಿ ಎಲ್ಲಿದೆ ಎಂದೇ ಗೊತ್ತಿರುವುದಿಲ್ಲ. ಅಲ್ಲಿಂದ ಬರೆಯಿರಿ.