ಲೇಬಲ್‌ನವರ ಕಿವಿಗೆ ನಮ್ಮ ಬ್ಯಾಂಡಿನ ಹಾಡು ಬೀಳುವುದು ಹೇಗೆ?

ಹನುಮಂತನಗರದಲ್ಲಿ ಪ್ರಾಕ್ಟೀಸ್ ಮಾಡುವ ನಾಲ್ವರ ಬ್ಯಾಂಡು ನಿಮ್ಮದು. ಕನ್ನಡದಲ್ಲಿ ಆರು ಸ್ವಂತ ಹಾಡು, ಜೊತೆಗೆ ಶಿಶುನಾಳ ಷರೀಫರ ಎರಡು ತತ್ವಪದ. ಹಾಡು ಹೊರತರುವ ಕಂಪನಿಗಳು, ಅಂದರೆ ಲೇಬಲ್‌ಗಳು, ಸಿಕ್ಕಸಿಕ್ಕವಕ್ಕೆಲ್ಲ ಮೇಲ್ ಕಳಿಸಿದ್ದೀರಿ, ಒಬ್ಬರೂ ಉತ್ತರ ಬರೆದಿಲ್ಲ, ಮುಂದೇನು ಅಂತ ಕೇಳಿದ್ದೀರಿ. ನಾನು ಈ ಊರಿನಲ್ಲಿ ಲೈವ್ ಸೌಂಡ್ ಕೆಲಸ ಮಾಡುವವನು, ಅದರಲ್ಲೂ ಕನ್ನಡ ಬ್ಯಾಂಡುಗಳಿಗೇ ಹೆಚ್ಚು. ಮಿಕ್ಸರ್ ಹಿಂದೆ ನಿಂತು ಕಂಡದ್ದನ್ನು ಹೇಳುತ್ತೇನೆ.

ಉತ್ತರ ಬರಲಿಲ್ಲ ಅಂದರೆ ಹಾಡು ಚೆನ್ನಾಗಿಲ್ಲ ಅಂತಲ್ಲ. ಬಹುಶಃ ಯಾರೂ ಅದನ್ನು ಕೇಳಿಯೇ ಇಲ್ಲ. ಲಹರಿ, ಆನಂದ್ ಆಡಿಯೋ ತರಹದ ಬೆಂಗಳೂರಿನ ಕಂಪನಿಗಳ ದೊಡ್ಡ ವ್ಯವಹಾರ ಸಿನಿಮಾ ಹಾಡುಗಳದು: ನಿರ್ಮಾಪಕರಿಂದ ಇಡೀ ಚಿತ್ರದ ಆಡಿಯೋ ಹಕ್ಕು ಕೊಳ್ಳುತ್ತಾರೆ, ಬಿಡುಗಡೆಗೆ ಮುಂಚೆ ಒಂದೊಂದೇ ಹಾಡು ಬಿಡುತ್ತಾರೆ. ಅದರ ನಡುವೆ ಗುರುತು ಪರಿಚಯವಿಲ್ಲದವರ ಮೇಲ್ ತೆರೆದು ನಾಲ್ಕು ನಿಮಿಷದ ಹಾಡು ಪೂರ್ತಿ ಕೇಳಲಿ ಅಂತ ಬಯಸುವುದು ಕಷ್ಟ. ಸಿನಿಮಾದ ಆಚೆಗೂ ಕನ್ನಡದ ಹಾಡಿಗೆ ಮಾರುಕಟ್ಟೆ ಇತ್ತು. ನಿಸಾರ್ ಅಹಮದ್ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸಂಗೀತ ಕೂಡಿಸಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂತು, ಆಮೇಲೆ ಭಾವಗೀತೆಯ ಕ್ಯಾಸೆಟ್ಟುಗಳು ಮನೆಮನೆ ಸೇರಿದವು. ಆದರೆ ಆ ಹೊತ್ತಿಗೆ ಆಕಾಶವಾಣಿಯಲ್ಲಿ, ಗಣೇಶೋತ್ಸವದ ಪೆಂಡಾಲುಗಳಲ್ಲಿ ಆ ಹಾಡುಗಳಿಗೆ ಕೇಳುಗರು ಕೂಡಿದ್ದರು. ಕೇಳುಗರಿದ್ದ ಕಡೆಗೆ ಕಂಪನಿ ಬಂತು. ಈಗಲೂ ಅದೇ ನಡೆಯುವುದು.

ಹಾಗಾಗಿ ನಾನಾದರೆ ‘ಲೇಬಲ್‌ಗೆ ಹೇಗೆ ತಲುಪಲಿ’ ಅಂತ ಕೇಳುವುದಿಲ್ಲ, ‘ನಮ್ಮ ಹೆಸರನ್ನು ಅವರ ಮುಂದೆ ಹೇಳುವವರು ಯಾರು’ ಅಂತ ಕೇಳುತ್ತೇನೆ. ರಘು ದೀಕ್ಷಿತ್ ಅವರನ್ನೇ ನೋಡಿ. ಷರೀಫರ ಪದಗಳನ್ನು ಗಿಟಾರ್ ಹಿಡಿದು ಹಾಡುತ್ತಿದ್ದ ಅವರ ಮೊದಲ ಆಲ್ಬಂ 2008ರಲ್ಲಿ ಬಂದದ್ದು ವಿಶಾಲ್–ಶೇಖರ್ ಜೋಡಿಯ ಲೇಬಲ್‌ನಿಂದ. ಆ ಇಬ್ಬರೂ ಸಂಗೀತ ನಿರ್ದೇಶಕರು. ನಿಮ್ಮ ದಾರಿಯಲ್ಲೂ ಬಾಗಿಲು ತೆಗೆಯುವವರು ಇಂಥವರೇ ಆಗಿರುತ್ತಾರೆ: ಸಿನಿಮಾದ ಸಂಗೀತ ನಿರ್ದೇಶಕರು, ಅವರ ಕೈಕೆಳಗೆ ಕಂಪ್ಯೂಟರಿನಲ್ಲಿ ವಾದ್ಯಗಳ ಪ್ರೋಗ್ರಾಮಿಂಗ್ ಮಾಡುವ ಹುಡುಗರು, ಸ್ಟುಡಿಯೋ ಎಂಜಿನಿಯರುಗಳು, ವೇದಿಕೆಗೆ ಬ್ಯಾಂಡು ಆರಿಸುವವರು. ಇವರು ಹೊಸಬರ ಹಾಡನ್ನು ಕೆಲಸದ ನಡುವೆಯೇ ಕೇಳುತ್ತಿರುತ್ತಾರೆ. ಲೇಬಲ್‌ನವರು ‘ಹೊಸದೇನಿದೆ’ ಅಂದಾಗ ಇವರ ಬಾಯಲ್ಲಿ ಬರುವ ಹೆಸರಿಗೆ ನೂರು ಮೇಲ್‌ಗಿಂತ ಬೆಲೆ ಜಾಸ್ತಿ.

ಹಾಡು ಕೇಳುವುದೇ ಕಸುಬಾದವರು ಕಾರ್ಯಕ್ರಮಕ್ಕೆ ಬಂದರೆ ಎಲ್ಲಿ ನಿಲ್ಲುತ್ತಾರೆ ಗೊತ್ತೇ? ವೇದಿಕೆಯ ಮುಂದಲ್ಲ, ನನ್ನ ಪಕ್ಕದಲ್ಲಿ. ಹಾಲ್‌ನಲ್ಲಿ ಸದ್ದು ಸರಿಯಾಗಿ ಕೇಳುವುದು ಮಿಕ್ಸರ್ ಇರುವ ಜಾಗದಲ್ಲಿ. ಅವರು ವೇದಿಕೆಗಿಂತ ಜನರನ್ನು ಹೆಚ್ಚು ನೋಡುತ್ತಾರೆ. ಯಾರಿಗೂ ಗೊತ್ತಿಲ್ಲದ ಹಾಡು ಶುರುವಾದಾಗ ಹಿಂದಿನ ಸಾಲಿನವರು ಫೋನ್ ತೆಗೆದರೋ ಒಳಗಿಟ್ಟರೋ, ಎರಡನೇ ಸಲ ಪಲ್ಲವಿ ಬಂದಾಗ ಯಾರಾದರೂ ಜೊತೆಗೂಡಿದರೋ ಅಂತ. ಎರಡು ಹಾಡಿನ ನಡುವೆ ಗಿಟಾರ್ ಟ್ಯೂನ್ ಮಾಡುತ್ತಾ ಒಂದೂವರೆ ನಿಮಿಷ ಮೌನವಾಗಿ ನಿಂತರೆ ಅದನ್ನೂ ಗಮನಿಸುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಇವರ ಜೊತೆ ಕೆಲಸ ಹೇಗೆ?”

ಆ ಪ್ರಶ್ನೆಗೆ ಒಳ್ಳೆಯ ಉತ್ತರ ನನ್ನ ಬಾಯಲ್ಲಿ ಬರಬೇಕಾದರೆ ಸೌಂಡ್ ಚೆಕ್‌ಗೆ ಹೇಳಿದ ಹೊತ್ತಿಗೆ ಬನ್ನಿ. ಒಂದು ಹಾಳೆಯಲ್ಲಿ ಯಾರು ಎಲ್ಲಿ ನಿಲ್ಲುತ್ತೀರಿ, ಎಷ್ಟು ಮೈಕು, ಎಷ್ಟು ಡಿಐ (ಗಿಟಾರ್, ಕೀಬೋರ್ಡನ್ನು ನೇರ ಮಿಕ್ಸರಿಗೆ ಜೋಡಿಸುವ ಪೆಟ್ಟಿಗೆ) ಬೇಕು ಅಂತ ಬರೆದು ಹಿಂದಿನ ದಿನವೇ ಕಳಿಸಿ. ಇಷ್ಟನ್ನು ಮಾಡುವ ಹೊಸ ಬ್ಯಾಂಡು ಅಪರೂಪ, ಮಾಡಿದವರನ್ನು ನಾವು ಮರೆಯುವುದಿಲ್ಲ.

ಜಾಗದ ವಿಷಯಕ್ಕೆ ಬಂದರೆ, ಇಂದಿರಾನಗರದ ಹಮ್ಮಿಂಗ್ ಟ್ರೀ 2019ರಲ್ಲಿ ಮುಚ್ಚಿದಾಗ ಸ್ವಂತ ಹಾಡಿನ ಬ್ಯಾಂಡುಗಳಿಗೆ ಒಂದು ಒಳ್ಳೆಯ ವೇದಿಕೆ ಹೋಯಿತು, ನನಗೆ ಆ ಬೇಸರ ಇನ್ನೂ ಇದೆ. ಆದರೆ ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್, ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ ತರಹದ ಕಡೆ ಕೂತು ಕೇಳುವ ಜನ ಸಿಗುತ್ತಾರೆ. ಮುನ್ನೂರು ಜನ ಊಟ ಮಾಡುತ್ತಾ ಹರಟುವ ಪಬ್ಬಿಗಿಂತ ಅರವತ್ತು ಜನ ಸುಮ್ಮನೆ ಕೇಳುವ ಕೋಣೆ ನಿಮ್ಮಂಥವರಿಗೆ ಮೇಲು. ನವೆಂಬರಿನಲ್ಲಿ ಐಟಿ ಕಂಪನಿಗಳು, ಅಪಾರ್ಟ್‌ಮೆಂಟ್‌ನವರು ರಾಜ್ಯೋತ್ಸವಕ್ಕೆ ಕನ್ನಡ ಬ್ಯಾಂಡು ಹುಡುಕುತ್ತಾರೆ. ಖಂಡಿತ ಒಪ್ಪಿಕೊಳ್ಳಿ, ರೆಕಾರ್ಡಿಂಗ್ ಖರ್ಚು ಅಲ್ಲೇ ಹುಟ್ಟುತ್ತದೆ. ಅವರು ಕೇಳುವುದು ಸಿನಿಮಾ ಹಾಡು. ನಿಮ್ಮ ಹಾಡನ್ನು ಕೊನೆಗೆ ಇಡಬೇಡಿ, ಆ ಹೊತ್ತಿಗೆ ಜನ ಊಟದ ಕ್ಯೂನಲ್ಲಿರುತ್ತಾರೆ. ಎರಡನೆಯದೋ ಮೂರನೆಯದೋ ಆಗಿ ಹಾಡಿ.

ರೆಕಾರ್ಡಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರನ್ನೂ ಅರೆಬರೆ ಮಾಡುವ ದುಡ್ಡಲ್ಲಿ ಎರಡನ್ನು ಸರಿಯಾಗಿ ಮಾಡಿ. ಮಿಕ್ಸ್ ಮುಗಿದ ದಿನವೇ ಹಾಡುಗಾರಿಕೆ ಇಲ್ಲದ ಟ್ರ್ಯಾಕನ್ನೂ ಬಿಡಿಬಿಡಿ ವಾದ್ಯಗಳ ಫೈಲುಗಳನ್ನೂ ಈಸಿಕೊಳ್ಳಿ. ಸಿನಿಮಾದವರಿಗೋ ಜಾಹೀರಾತಿನವರಿಗೋ ನಿಮ್ಮ ಹಾಡು ಬೇಕಾದರೆ ಮೊದಲು ಕೇಳುವುದು ಅದನ್ನೇ. ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಮೂಲಕ ನೀವೇ ಹಾಡು ಬಿಡಬಹುದು, ಅದಕ್ಕೆ ಯಾವ ಲೇಬಲ್ಲೂ ಬೇಡ. ಸ್ಪಾಟಿಫೈನಲ್ಲಿ ಬಿಡುಗಡೆಗೆ ಕನಿಷ್ಠ 7 ದಿನ ಮುಂಚೆ ಹಾಡನ್ನು ಅಲ್ಲಿನ ಪ್ಲೇಲಿಸ್ಟ್ ಸಂಪಾದಕರಿಗೆ ಸೂಚಿಸಿದರೆ ನಿಮ್ಮನ್ನು ಫಾಲೋ ಮಾಡುವವರ ರಿಲೀಸ್ ರಾಡಾರ್ ಅನ್ನುವ ಹೊಸ ಹಾಡುಗಳ ಪಟ್ಟಿಗೆ ಅದು ಹೋಗುತ್ತದೆ. ನಾನಾದರೆ ಮೂರು ನಾಲ್ಕು ವಾರ ಮುಂಚೆಯೇ ಮಾಡುತ್ತೇನೆ. ಹಿಂದಿನ 12 ತಿಂಗಳಲ್ಲಿ 1000 ಸಲ ಕೇಳಿಸಿಕೊಳ್ಳದ ಹಾಡಿಗೆ 2024ರಿಂದ ಅಲ್ಲಿ ರಾಯಲ್ಟಿ ಇಲ್ಲ, ಇದು ನೆನಪಿರಲಿ. ದುಡ್ಡು ಕೊಟ್ಟು ವ್ಯೂಸ್ ಕೊಳ್ಳಬೇಡಿ. ಮೈಸೂರು, ಹುಬ್ಬಳ್ಳಿ, ಬೆಂಗಳೂರಿನಲ್ಲಿ ಮತ್ತೆ ಮತ್ತೆ ಕೇಳುವ ನಾಲ್ಕುನೂರು ಜನ ಇದ್ದಾರೆ ಅಂತ ತೋರಿಸುವುದಕ್ಕೆ ಇರುವ ಬೆಲೆ, ಎಲ್ಲಿಂದಲೋ ಬಂದ ಲಕ್ಷ ವ್ಯೂಸ್‌ಗೆ ಇಲ್ಲ.

ಈಗ ನಿಮ್ಮ ಷರೀಫರ ಪದಗಳಿಗೆ ಬರುತ್ತೇನೆ. ಇಲ್ಲಿ ಎಡವುವವರು ಬಹಳ ಮಂದಿ. ನಮ್ಮ ಕಾನೂನಿನಲ್ಲಿ ಸಾಹಿತ್ಯಕ್ಕೂ ಸಂಗೀತಕ್ಕೂ ಕರ್ತೃ ತೀರಿಕೊಂಡ ಮೇಲೆ 60 ವರ್ಷ ಕಾಪಿರೈಟ್ ಹಕ್ಕು ಇರುತ್ತದೆ. ಷರೀಫರು ತೀರಿಕೊಂಡದ್ದು 1889ರಲ್ಲಿ, ಅವರ ಪದ ಯಾರು ಬೇಕಾದರೂ ಹಾಡಬಹುದು. ಆದರೆ ನಮ್ಮೆಲ್ಲರ ಕಿವಿಯಲ್ಲಿ ಕೂತಿರುವ ಟ್ಯೂನುಗಳಲ್ಲಿ ಹಲವು ಸಿ. ಅಶ್ವತ್ಥ್ ಅವರದು, ಅವರು ತೀರಿಕೊಂಡದ್ದು 2009ರಲ್ಲಿ. ಪದ ಎಲ್ಲರದು ಅಂದುಕೊಂಡು ಆ ಟ್ಯೂನಿನಲ್ಲೇ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದರೆ ‘ಇದು ನಮ್ಮದು’ ಅಂತ ಹಕ್ಕುದಾರರ ಕ್ಲೇಮ್ ಬರಬಹುದು, ಲೇಬಲ್‌ನ ವಕೀಲರು ಅಂಥ ಹಾಡನ್ನು ಮುಟ್ಟಲು ಹಿಂದೇಟು ಹಾಕುತ್ತಾರೆ. ನಿಮ್ಮದೇ ಟ್ಯೂನ್ ಹಾಕಿ, ಅದು ನಿಮ್ಮ ಆಸ್ತಿಯಾಗುತ್ತದೆ. ಮುಂದೆ ಬೇಂದ್ರೆ, ಕುವೆಂಪು ಕವಿತೆ ಎತ್ತಿಕೊಳ್ಳುವ ಮನಸ್ಸಾದರೆ ಸಾಹಿತ್ಯಕ್ಕೂ ಅನುಮತಿ ಬೇಕು. ಬೇಂದ್ರೆಯವರ ಹಕ್ಕು 2041ರ ಕೊನೆಯವರೆಗೆ, ಕುವೆಂಪು ಅವರದು 2054ರ ಕೊನೆಯವರೆಗೆ ಇರುತ್ತದೆ. ವಚನಗಳಿಗೆ, ದಾಸರ ಪದಗಳಿಗೆ ಈ ತೊಡಕಿಲ್ಲ.

ಸ್ವಂತ ಹಾಡುಗಳದ್ದೂ ಒಂದು ಲೆಕ್ಕ ಇರಲಿ. ಸಾಹಿತ್ಯ ಯಾರದು, ಟ್ಯೂನ್ ಯಾರದು, ರೆಕಾರ್ಡಿಂಗ್ ಖರ್ಚು ಯಾರು ಹಾಕಿದರು, ಯಾರಿಗೆ ಎಷ್ಟು ಪಾಲು ಅಂತ ಹಾಡಿಗೊಂದು ಹಾಳೆ ಬರೆದು ನಾಲ್ವರೂ ಸಹಿ ಹಾಕಿ. ನನಗೆ ಬೇಕಾದವರ ಒಂದು ಬ್ಯಾಂಡಿಗೆ ಕಂಪನಿಯೊಂದು ಆಸಕ್ತಿ ತೋರಿಸಿತ್ತು. ಆಗಲೇ ಬ್ಯಾಂಡು ಬಿಟ್ಟಿದ್ದ ಗಿಟಾರಿಸ್ಟ್ ‘ಆ ಟ್ಯೂನ್ ನನ್ನದು’ ಅಂದ. ಅವನ ಮಾತಿನಲ್ಲಿ ಸತ್ಯವೂ ಇತ್ತು, ಬರೆದಿಟ್ಟದ್ದು ಮಾತ್ರ ಏನೂ ಇರಲಿಲ್ಲ. ಕಂಪನಿ ಸುಮ್ಮನೆ ಬೇರೆ ಕಡೆ ಹೋಯಿತು. ಒಂದೇ ಊಟದ ಡಬ್ಬಿ ಹಂಚಿಕೊಂಡವರು ಈಗ ಮಾತಾಡುವುದಿಲ್ಲ. ನಿಮ್ಮಲ್ಲಿ ಪ್ರೀತಿ ಚೆನ್ನಾಗಿರುವಾಗಲೇ ಇದನ್ನು ಬರೆದುಬಿಡಿ. ಸಾಹಿತ್ಯ ಬರೆದವರು, ಸಂಗೀತ ಕೂಡಿಸಿದವರು ಐಪಿಆರ್‌ಎಸ್ (ಅವರ ಪರವಾಗಿ ರಾಯಲ್ಟಿ ವಸೂಲಿ ಮಾಡಿ ಹಂಚುವ ಸಂಘ) ಸದಸ್ಯರೂ ಆಗಿ.

ಕರಾರು ಬಂದೇ ಬಂತು ಅಂದುಕೊಳ್ಳಿ. ರೆಕಾರ್ಡಿಂಗನ್ನು ಶಾಶ್ವತವಾಗಿ ಬರೆದುಕೊಡುವುದು ಬೇರೆ, ಇಷ್ಟು ವರ್ಷ ಅಂತ ಲೈಸೆನ್ಸ್ ಕೊಡುವುದು ಬೇರೆ, ಎರಡನೆಯದನ್ನೇ ಕೇಳಿ. ಹಕ್ಕು ಬರೆದುಕೊಡುವ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಕಾನೂನು ಅದನ್ನು 5 ವರ್ಷ ಅಂತ ತಿಳಿಯುತ್ತದೆ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. ಆದ್ದರಿಂದಲೇ ಅವರ ಕರಡಿನಲ್ಲಿ ‘ಶಾಶ್ವತ’, ‘ವಿಶ್ವದಾದ್ಯಂತ’ ಅನ್ನುವ ಪದಗಳು ಮೊದಲೇ ಕೂತಿರುತ್ತವೆ, ಅವುಗಳ ಮೇಲೆ ಬೆರಳಿಟ್ಟು ಮಾತಾಡಿ. ಹಕ್ಕು ತೆಗೆದುಕೊಂಡವರು ಒಂದು ವರ್ಷ ಬಳಸದೆ ಇಟ್ಟರೆ ಅದು ಬಿದ್ದುಹೋಗುತ್ತದೆ, ಹಾಗಾಗದಂತೆ ಕರಾರಿನಲ್ಲಿ ಬೇರೆ ಬರೆದಿದ್ದರೆ ಮಾತ್ರ ಉಳಿಯುತ್ತದೆ. ಆ ಸಾಲನ್ನೂ ಹುಡುಕಿ. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ನಂತರ ಸಾಹಿತಿ, ಸಂಗೀತಗಾರರ ರಾಯಲ್ಟಿಯ ಸಮಪಾಲನ್ನು ವಾರಸುದಾರರು, ಐಪಿಆರ್‌ಎಸ್‌ನಂಥ ಕಾಪಿರೈಟ್ ಸಂಘ ಬಿಟ್ಟು ಬೇರೆ ಯಾರೂ ಬರೆಸಿಕೊಳ್ಳುವ ಹಾಗಿಲ್ಲ.

ಲೇಬಲ್ ಇಲ್ಲದೆಯೂ ಬದುಕಬಹುದು. ಥರ್ಮಲ್ ಅಂಡ್ ಎ ಕ್ವಾರ್ಟರ್ ಅನ್ನುವ ರಾಕ್ ಬ್ಯಾಂಡಿನವರು 1996ರಿಂದ ಈ ಊರಿನಲ್ಲಿ ನುಡಿಸುತ್ತಾ ತಮ್ಮ ಆಲ್ಬಂಗಳನ್ನು ತಾವೇ ಹೊರತಂದವರು. ಆದರೂ ನಿಮಗೆ ಲೇಬಲ್ ಬೇಕು ಅನ್ನಿಸಿದ್ದು ತಪ್ಪಲ್ಲ. ಪ್ರಚಾರದ ಖರ್ಚು, ಎಫ್‌ಎಂ, ಸಿನಿಮಾದ ನಂಟು ಇವೆಲ್ಲ ಅವರ ಕೈಯಲ್ಲೇ ಇವೆ.

ಮತ್ತೆ ಮೇಲ್ ಬರೆಯುವಾಗ ಐದು ಸಾಲು ಸಾಕು. ಹಾಡಿನ ಫೈಲ್ ಅಂಟಿಸಬೇಡಿ, ತೆರೆದ ಕೂಡಲೇ ನುಡಿಯುವ ಒಂದೇ ಒಂದು ಲಿಂಕ್ ಕೊಡಿ, ಮುಂದಿನ ಕಾರ್ಯಕ್ರಮದ ದಿನಾಂಕ, ಜಾಗ ಬರೆಯಿರಿ. ನಿಮ್ಮ ಬಗ್ಗೆ ಅವರಿಗೆ ಯಾರು ಹೇಳಿದ್ದಾರೋ ಅವರ ಹೆಸರು, ಅವರನ್ನು ಕೇಳಿಕೊಂಡು, ಮೊದಲ ಸಾಲಿನಲ್ಲೇ ಇರಲಿ.