ದ್ಯುತಿಸಂಶ್ಲೇಷಣೆಯ ದಕ್ಷತೆಗೆ ಕಾರಣವಾದ ಜೀನ್ ಹುಡುಕುವುದು ಹೇಗೆ?

ನೂರಾರು ತಳಿಗಳ ಡಿಎನ್‌ಎ ಓದಿಸಿ, ದ್ಯುತಿಸಂಶ್ಲೇಷಣೆಯ ದರ ಹೆಚ್ಚಿರುವ ತಳಿಗಳಲ್ಲಿ ಯಾವ ಜೀನ್ ಬೇರೆಯಾಗಿದೆ ಎಂದು ನೋಡಿದರೆ ಸಾಕಲ್ಲವೇ, ಪಿಎಚ್‌ಡಿಗೆ ಇದನ್ನೇ ಆರಿಸಿಕೊಳ್ಳಲೇ ಎಂದು ಕೇಳಿದ್ದೀರಿ. ಧಾರಾಳವಾಗಿ ಆರಿಸಿಕೊಳ್ಳಿ. ಆದರೆ ಡಿಎನ್‌ಎ ಓದುವುದು ಈಗ ಸುಲಭದ ಭಾಗ. ಇದೇ ಕೆಲಸದಲ್ಲಿರುವ ನನ್ನ ಹೊತ್ತು ಬಹುಪಾಲು ಹೋಗುವುದು ಎಲೆಯನ್ನು ಅಳೆಯುವುದಕ್ಕೆ.

ಎಲೆ ಎಷ್ಟು ಇಂಗಾಲದ ಡೈಆಕ್ಸೈಡ್ ಹೀರುತ್ತದೆ ಎಂದು ಅಳೆಯುವ ಅವಗೆಂಪು ಅನಿಲ ವಿಶ್ಲೇಷಕದ ಪುಟ್ಟ ಕೋಣೆಯೊಳಗೆ ಎಲೆಯನ್ನು ಸಿಕ್ಕಿಸಿ, ಗಾಳಿ ಸೋರದಂತೆ ಮುಚ್ಚಿ, ಬೆಳಕು, ಉಷ್ಣಾಂಶ, ಇಂಗಾಲದ ಡೈಆಕ್ಸೈಡನ್ನು ಹೊಂದಿಸಿ ಕಾಯಬೇಕು. ನೆರಳಲ್ಲಿದ್ದ ಎಲೆಯಾದರೆ ಪತ್ರರಂಧ್ರಗಳು ತೆರೆದು ಅಂಕಿ ನಿಲ್ಲುವಷ್ಟರಲ್ಲಿ ಅರ್ಧ ಗಂಟೆಯೂ ಆಗಬಹುದು. ಅಷ್ಟರಲ್ಲಿ ಬಿಸಿಲೇರಿ ಉಳಿದ ಗಿಡಗಳ ರಂಧ್ರಗಳು ಮುಚ್ಚಿಕೊಳ್ಳತೊಡಗುತ್ತವೆ. ಬೆಳಿಗ್ಗೆ ಅಳೆದ ತಳಿಯನ್ನೂ ಮಧ್ಯಾಹ್ನ ಅಳೆದ ತಳಿಯನ್ನೂ ಹೋಲಿಸಿದರೆ ನಿಮಗೆ ಸಿಗುವುದು ಹೊತ್ತಿನ ವ್ಯತ್ಯಾಸ. ತಳಿಯದ್ದು ಅದರಡಿ ಮುಚ್ಚಿಹೋಗಿರುತ್ತದೆ. ಅದಕ್ಕೇ ಅಳತೆಯ ಕ್ರಮವನ್ನು ಯಾದೃಚ್ಛಿಕಗೊಳಿಸಿ, ಒಂದೇ ತಳಿಯನ್ನು ದಿನವಿಡೀ ನಡುನಡುವೆ ಅಳೆಯುತ್ತಿರಬೇಕು.

ಇನ್ನೊಂದು ಬಲೆಯಿದೆ, ಮತ್ತು ಅದು ಪ್ರಕಟವಾದ ಪ್ರಬಂಧಗಳನ್ನೂ ಬಿಟ್ಟಿಲ್ಲ. ದಪ್ಪ ಎಲೆಯಲ್ಲಿ ಚದರ ಮೀಟರಿಗೆ ಸಾರಜನಕ ಹೆಚ್ಚು, ಇಂಗಾಲದ ಡೈಆಕ್ಸೈಡನ್ನು ಹಿಡಿದಿಡುವ ರುಬಿಸ್ಕೋ ಕಿಣ್ವ ಹೆಚ್ಚು, ಹಾಗಾಗಿ ದರವೂ ಹೆಚ್ಚು. ಆದರೆ ಆ ಗಿಡದ ಎಲೆಗಳು ಸಣ್ಣವಾಗಿದ್ದರೆ ಒಟ್ಟಾರೆ ಲಾಭವೇನೂ ಇಲ್ಲ. ನೀವು ಸಂಭ್ರಮದಿಂದ ಹಿಡಿದ ಜೀನ್ ಎಲೆಯ ದಪ್ಪದ್ದೋ ಹೂ ಬಿಡುವ ಕಾಲದ್ದೋ ಆಗಿರಬಹುದು. ಎಲೆಯ ತೂಕ, ವಿಸ್ತೀರ್ಣ, ಸಾರಜನಕ ಮೂರನ್ನೂ ದಾಖಲಿಸದೆ ದರವೊಂದನ್ನೇ ನಂಬಬೇಡಿ.

ಕೋಶಕೇಂದ್ರದ ಡಿಎನ್‌ಎ ಮಾತ್ರ ನೋಡಿದರೂ ಸಾಲದು. ರುಬಿಸ್ಕೋ ಎರಡು ಬಗೆಯ ಉಪಘಟಕಗಳಿಂದಾದದ್ದು. ದೊಡ್ಡದರ ಜೀನ್ ಇರುವುದು ದ್ಯುತಿಸಂಶ್ಲೇಷಣೆ ನಡೆಯುವ ಹಸಿರು ಕಣವಾದ ಕ್ಲೋರೋಪ್ಲಾಸ್ಟಿನಲ್ಲಿ, ಸಣ್ಣದರ ಜೀನ್‌ಗಳು ಕೋಶಕೇಂದ್ರದಲ್ಲಿ. ಹೆಚ್ಚಿನ ಬೆಳೆಗಳಲ್ಲಿ ಕ್ಲೋರೋಪ್ಲಾಸ್ಟ್ ತಾಯಿಯಿಂದಲೇ ಬರುವುದರಿಂದ, ಸಂಕರ ಮಾಡುವಾಗ ತಾಯಿ ಯಾವುದು, ತಂದೆ ಯಾವುದು ಎಂಬುದನ್ನು ಅದಲುಬದಲು ಮಾಡಿಯೂ ನೋಡಬೇಕು.

ಹಾಗಾದರೆ ಯಾವ ಗುಣವನ್ನು ಅಳೆಯುವುದು? ನನ್ನ ಮಟ್ಟಿಗೆ, ಸ್ಥಿರ ಬೆಳಕಿನ ದರಕ್ಕಿಂತ ಬೆಳಕು ಬದಲಾದಾಗ ಎಲೆ ಎಷ್ಟು ಬೇಗ ಹೊಂದಿಕೊಳ್ಳುತ್ತದೆ ಎಂಬುದು. ಸುಡುಬಿಸಿಲಿನಲ್ಲಿ ಎಲೆ ಹೆಚ್ಚಿನ ಶಕ್ತಿಯನ್ನು ಶಾಖವಾಗಿ ಹೊರಹಾಕಿ ತನ್ನನ್ನು ಕಾಪಾಡಿಕೊಳ್ಳುತ್ತದೆ. ಮೋಡವೋ ಮೇಲಿನ ಎಲೆಯ ನೆರಳೋ ಬಿದ್ದಾಗ ಈ ರಕ್ಷಣೆ ತಕ್ಷಣ ನಿಲ್ಲುವುದಿಲ್ಲ. ನಿಮಿಷಗಟ್ಟಲೆ ಶಕ್ತಿ ವ್ಯರ್ಥವಾಗುತ್ತದೆ. 2016ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ತಂಡ ಈ ಚೇತರಿಕೆಯನ್ನು ಚುರುಕುಗೊಳಿಸುವ ಮೂರು ಜೀನ್‌ಗಳನ್ನು ತಂಬಾಕಿನಲ್ಲಿ ಹೆಚ್ಚಿಸಿ, ಹೊಲದಲ್ಲೇ ಸುಮಾರು 15 ಪ್ರತಿಶತ ಹೆಚ್ಚು ಜೀವರಾಶಿ ಪಡೆಯಿತು. 2022ರಲ್ಲಿ ಇದೇ ವಿಧಾನದಿಂದ ಸೋಯಾದಲ್ಲಿ ಕಾಳಿನ ಇಳುವರಿ 33 ಪ್ರತಿಶತದವರೆಗೆ ಏರಿದ ವರದಿ ಬಂತು. ಅದು ಒಂದು ವರ್ಷದ ಫಸಲು. ಮರುವರ್ಷ ಬೆಳೆ ನೆಲಕ್ಕೊರಗಿ ಅಷ್ಟು ಸ್ಪಷ್ಟ ಲಾಭ ಕಾಣಲಿಲ್ಲ. ಪತ್ರಿಕೆಗಳ ಶೀರ್ಷಿಕೆಯಲ್ಲಿ ಉಳಿದದ್ದು ಮೊದಲ ಅಂಕಿ ಮಾತ್ರ ಎಂಬುದು ಬೇರೆ ಮಾತು.

ಈ ಗುಣಕ್ಕೆ ಅಳತೆಯ ಅನುಕೂಲವೂ ಇದೆ. ಎಲೆಯಿಂದ ಬಿಲ್ಲೆಗಳನ್ನು ಕತ್ತರಿಸಿ ತೇವದ ತಟ್ಟೆಯಲ್ಲಿ ಜೋಡಿಸಿ, ಕತ್ತಲಲ್ಲಿಟ್ಟು, ಬೆಳಕು ಕೊಟ್ಟು, ಮತ್ತೆ ಕತ್ತಲು ಮಾಡಿ ಪತ್ರಹರಿತ್ತಿನ ಪ್ರತಿದೀಪ್ತಿಯನ್ನು, ಅಂದರೆ ಅದು ಹೀರಿದ ಬೆಳಕಿನಲ್ಲಿ ಮರಳಿ ಹೊರಸೂಸುವ ಮಂದ ಹೊಳಪನ್ನು, ಕ್ಯಾಮೆರಾದಲ್ಲಿ ಹಿಡಿದರೆ ಹತ್ತಾರು ತಳಿಗಳನ್ನು ಒಟ್ಟಿಗೆ ನೋಡಬಹುದು. ಮೊದಲ ಕತ್ತಲಿನ ನಂತರ ಸಿಗುವ, ಬೆಳಕನ್ನು ಬಳಸಿಕೊಳ್ಳುವ ಗರಿಷ್ಠ ದಕ್ಷತೆಯ ಅಂಕಿಯನ್ನು ನೆಚ್ಚಿಕೊಳ್ಳಬೇಡಿ. ಆರೋಗ್ಯವಂತ ಎಲೆಗಳೆಲ್ಲ 0.83ರ ಆಸುಪಾಸಿನಲ್ಲೇ ಇರುತ್ತವೆ. ಬೆಳಕು ಆರಿದ ಮೇಲಿನ ಮೊದಲ ಕೆಲವು ನಿಮಿಷಗಳಲ್ಲಿ ಆ ಶಾಖದ ರಕ್ಷಣೆ ಇಳಿಯುವ ವೇಗದಲ್ಲಿ ತಳಿಗಳು ಬೇರೆಬೇರೆಯಾಗುತ್ತವೆ.

ಬೀಜಕ್ಕೆ, ಡಿಎನ್‌ಎ ಮಾಹಿತಿಗೆ ಪರದಾಡಬೇಕಿಲ್ಲ. ಸಸ್ಯ ಪ್ರಯೋಗಾಲಯಗಳ ಮಾದರಿ ಗಿಡವಾದ ಅರಬಿಡಾಪ್ಸಿಸ್‌ನ ಸಾವಿರಕ್ಕೂ ಹೆಚ್ಚು, ಭತ್ತದ ಸುಮಾರು 3000 ತಳಿಗಳ ಜೀನೋಮ್ ಮುಕ್ತವಾಗಿ ಲಭ್ಯವಿದೆ. ಅಷ್ಟನ್ನೂ ಒಮ್ಮೆಲೇ ಬಿತ್ತಲು ಹೋಗಬೇಡಿ. ಪರಸ್ಪರ ತೀರಾ ಭಿನ್ನವಾದ ಕೆಲವೇ ತಳಿಗಳನ್ನು ಹೆಚ್ಚು ಪುನರಾವರ್ತನೆಯೊಂದಿಗೆ ಬೆಳೆಸಿ, ಕಾಣುವ ವ್ಯತ್ಯಾಸದಲ್ಲಿ ಆನುವಂಶಿಕತೆಯ ಪಾಲು ಎಷ್ಟೆಂದು ಮೊದಲು ಲೆಕ್ಕ ಹಾಕಿ. ಆ ಪಾಲು ತೀರಾ ಕಡಿಮೆ ಬಂದರೆ ಜೀನ್ ಹುಡುಕಾಟಕ್ಕೆ ಇಳಿಯದೆ ಅಳತೆಯ ವಿಧಾನವನ್ನೇ ಬದಲಿಸಿ.