ಓಡದೆ ನಿಂತಿರುವ ಇಪ್ಪತ್ತೆರಡು ಮುಕ್ಕಾಲು ಗಂಟೆ

ಓದುಗರ ಪತ್ರ: ಮನೆಯಿಂದ ಕಚೇರಿಗೆ 11 ಕಿಲೋಮೀಟರ್. ನಡುವೆ ಸುಮಾರು 800 ಮೀಟರ್ ಉದ್ದದ ಏರು. ನನಗೆ 46 ವರ್ಷ, ಮಂಡಿ ಮೊದಲಿನಂತಿಲ್ಲ. ದಿನವೂ ಓಡಾಡಲು ವಿದ್ಯುತ್ ಸೈಕಲ್ ಕೊಳ್ಳಬೇಕೆಂದು ಎರಡು ತಿಂಗಳಿನಿಂದ ಪಟ್ಟಿ ಮಾಡುತ್ತಿದ್ದೇನೆ. ಪಟ್ಟಿ ಬೆಳೆಯುತ್ತಿದೆಯೇ ಹೊರತು ಸೈಕಲ್ ಬರುತ್ತಿಲ್ಲ. 250 ವ್ಯಾಟ್ ಮೋಟಾರ್ ಏರು ಹತ್ತುವುದಿಲ್ಲ, 750 ಬೇಕು ಎಂದು ಒಬ್ಬರು. ಚಕ್ರದೊಳಗಿನ ಮೋಟಾರ್ ಬೇಡ, ಪೆಡಲ್ ಬಳಿ ಇರುವುದೇ ಬೇಕು ಎಂದು ಇನ್ನೊಬ್ಬರು. ಒಂದು ಜಾಹೀರಾತು ಒಮ್ಮೆ ಚಾರ್ಜ್ ಮಾಡಿದರೆ 100 ಕಿಲೋಮೀಟರ್ ಎನ್ನುತ್ತದೆ. ಯಾರನ್ನು ನಂಬಲಿ? (ಅಂದ ಹಾಗೆ, ನಮ್ಮ ಮನೆ ಮೂರನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ.)

ಸಂಪಾದಕರ ಉತ್ತರ:

ನಿಮ್ಮ ಪತ್ರದ ಅತಿ ಮುಖ್ಯವಾದ ಮಾತನ್ನು ನೀವು ಆವರಣದೊಳಗೆ ಹಾಕಿದ್ದೀರಿ. ಮೋಟಾರು, ವ್ಯಾಟು ಎಲ್ಲವನ್ನೂ ಆಮೇಲೆ ನೋಡೋಣ. ಮೊದಲು ಆ ಮೂರು ಮಹಡಿಗಳನ್ನು ಹತ್ತೋಣ.

ಕಚೇರಿಗೆ ಹೋಗಿ ಬರಲು ನಿಮಗೆ ದಿನಕ್ಕೆ ಹೆಚ್ಚೆಂದರೆ ಒಂದೂಕಾಲು ಗಂಟೆ ಬೇಕಾದೀತು. ಉಳಿದ ಇಪ್ಪತ್ತೆರಡು ಮುಕ್ಕಾಲು ಗಂಟೆ ಆ ಸೈಕಲ್ ಎಲ್ಲೋ ಒಂದು ಕಡೆ ನಿಂತಿರುತ್ತದೆ. ಎಲ್ಲಿ? ಯಾರ ಕಣ್ಣಳತೆಯಲ್ಲಿ? ಮಳೆ ಬಂದರೆ ನೆನೆಯುತ್ತದೆಯೇ? ಬ್ಯಾಟರಿಯನ್ನು ಎಲ್ಲಿ ಚಾರ್ಜ್ ಮಾಡುತ್ತೀರಿ? ಜಾಹೀರಾತುಗಳೆಲ್ಲ ಆ ಒಂದೂಕಾಲು ಗಂಟೆಯನ್ನೇ ಹಾಡಿ ಹೊಗಳುತ್ತವೆ. ನನಗೆ ಗೊತ್ತಿರುವವರಲ್ಲಿ ಸೈಕಲ್ ಕೊಂಡು ಮೂಲೆಗೆ ಹಾಕಿದವರ ಕಾರಣವೆಲ್ಲ ಉಳಿದ ಗಂಟೆಗಳಲ್ಲಿತ್ತು.

ಅವರಲ್ಲಿ ನಾನೂ ಒಬ್ಬ. ನನ್ನ ಮೊದಲ ವಿದ್ಯುತ್ ಸೈಕಲ್ 27 ಕಿಲೋ ತೂಗುತ್ತಿತ್ತು. ಬ್ಯಾಟರಿ ಚೌಕಟ್ಟಿನೊಳಗೇ ಕೂತಿತ್ತು, ಹೊರಗೆ ತೆಗೆಯುವಂತಿರಲಿಲ್ಲ. ಆಗ ನಾನಿದ್ದದ್ದು ಎರಡನೆಯ ಮಹಡಿಯಲ್ಲಿ. ಮೊದಲ ವಾರ ಹುರುಪಿನಿಂದ ಹೊತ್ತೆ. ಎರಡನೆಯ ವಾರ ಗೋಡೆಯ ಸುಣ್ಣಕ್ಕೆ ಪೆಡಲ್ ತಾಗಿ ಗೀರುಗಳೆದ್ದವು, ಅಕ್ಕಪಕ್ಕದವರ ಮುಖ ಬದಲಾಯಿತು. ಮೂರನೆಯ ವಾರ ಅದನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿ, ಮೇಲಿನಿಂದ ಉದ್ದದ ವೈರ್ ಇಳಿಬಿಟ್ಟು ಚಾರ್ಜ್ ಮಾಡತೊಡಗಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಏಕೆಂದು ಮುಂದೆ ಹೇಳುತ್ತೇನೆ. ಮೂರು ತಿಂಗಳಾಗುವಷ್ಟರಲ್ಲಿ ಮತ್ತೆ ಬಸ್ಸಿನಲ್ಲಿದ್ದೆ. ಏರು ಹತ್ತುವುದರಲ್ಲಿ ಮಾತ್ರ ಆ ಸೈಕಲ್ ನನ್ನನ್ನು ಒಮ್ಮೆಯೂ ಕೈಬಿಟ್ಟಿರಲಿಲ್ಲ!

ಆದ್ದರಿಂದ ನಿಮ್ಮ ಪಟ್ಟಿಯನ್ನು ಒಂದೇ ಪ್ರಶ್ನೆಯಿಂದ ಸೀಳಿ ಎರಡು ಮಾಡಿ. ಕೆಳಗೆ, ನೆಲಮಟ್ಟದಲ್ಲಿ, ಬೀಗ ಹಾಕಿ ನಿಲ್ಲಿಸಲು ಮಾಡು ಇರುವ ಭದ್ರವಾದ ಜಾಗ ಇದೆಯೇ? ಇದ್ದರೆ ಸಾಮಾನ್ಯ ತೂಕದ, ಅಂದರೆ 22ರಿಂದ 25 ಕಿಲೋ ಸೈಕಲ್ ಆದೀತು. ಬ್ಯಾಟರಿ ಕಳಚುವಂತಿರಬೇಕು, ಅಷ್ಟೆ. ಮೂರು ಕಿಲೋ ಆಸುಪಾಸಿನ ಬ್ಯಾಟರಿಯನ್ನು ಚೀಲದಂತೆ ಹಿಡಿದು ಹತ್ತಬಹುದು. ಬ್ಯಾಟರಿ ಇಲ್ಲದ ಸೈಕಲ್ಲಿನ ಮೇಲೆ ಕಳ್ಳನಿಗೂ ಆಸೆ ಸ್ವಲ್ಪ ಕಡಿಮೆ. ಜಾಗ ಇಲ್ಲವಾದರೆ ನೀವು ನೋಡಬೇಕಾದದ್ದು ಬೇರೆಯೇ ಜಾತಿ: ಸಣ್ಣ ಮೋಟಾರು, 250ರಿಂದ 360 ವ್ಯಾಟ್-ಅವರ್ (ಬ್ಯಾಟರಿ ಎಷ್ಟು ವಿದ್ಯುತ್ ಹಿಡಿದಿಡುತ್ತದೆ ಎಂಬುದರ ಅಳತೆ) ಬ್ಯಾಟರಿ ಇರುವ, 16ರಿಂದ 18 ಕಿಲೋ ತೂಕದ ಹಗುರ ಸೈಕಲ್ಲುಗಳು. ಮಡಚುವ ಸೈಕಲ್ ಕೊಂಡರೆ ತೊಂದರೆ ತಪ್ಪಿತು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಮಡಚಿದ 22 ಕಿಲೋ ಕೂಡ 22 ಕಿಲೋವೇ. ಎರಡನೆಯ ಮಹಡಿಯ ತಿರುವಿನಲ್ಲಿ ಅದು ಕಾಲಿಗೆ ಬಡಿಯುವ ರೀತಿ ಮಾತ್ರ ಬೇರೆ.

ಈಗ ವ್ಯಾಟಿನ ವಿಷಯ. 250 ಮತ್ತು 750 ಎಂಬ ಈ ಎರಡು ಅಂಕಿಗಳು ಹುಟ್ಟಿದ್ದು ಕಾನೂನಿನ ಹೊತ್ತಗೆಯಲ್ಲಿ. ಏರಿಗೂ ಅವುಗಳಿಗೂ ನಂಟಿಲ್ಲ. ಯೂರೋಪಿಯನ್ ಒಕ್ಕೂಟದಲ್ಲಿ ಪೆಡಲ್ ತುಳಿದಾಗ ಮಾತ್ರ ನೆರವಾಗುವ, 250 ವ್ಯಾಟ್ ಮೀರದ, ಗಂಟೆಗೆ 25 ಕಿಲೋಮೀಟರ್ ಮುಟ್ಟಿದೊಡನೆ ಮೋಟಾರ್ ಸುಮ್ಮನಾಗುವ ಸೈಕಲ್ಲನ್ನು ಸೈಕಲ್ ಎಂದೇ ಪರಿಗಣಿಸುತ್ತಾರೆ. ಅಮೆರಿಕದ 2002ರ ಕಾನೂನು 750 ವ್ಯಾಟ್‌ಗಿಂತ ಕಡಿಮೆ, ಮೋಟಾರಿನಿಂದಲೇ ಓಡಿದರೆ ಗಂಟೆಗೆ 20 ಮೈಲಿಗಿಂತ ಕಡಿಮೆ ಎಂದು ಗೆರೆ ಎಳೆಯಿತು. ನೀವಿರುವ ಕಡೆ ಆ ಗೆರೆ ಎಲ್ಲಿದೆ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಿ. ದಾಟಿದರೆ ನೋಂದಣಿ, ಪರವಾನಗಿ, ವಿಮೆ ಎಂದು ಅದು ಮೋಟಾರು ವಾಹನವಾಗಿಬಿಡಬಹುದು. ಇನ್ನೊಂದು ಮಾತು. ಕಾನೂನು ಹೇಳುವ 250 ಎಂದರೆ ಮೋಟಾರು ಬಿಸಿಯಾಗಿ ಸೋಲದೆ ಎಡೆಬಿಡದೆ ಕೊಡಬಲ್ಲ ಶಕ್ತಿ. ಕೆಲವು ನಿಮಿಷಗಳ ಮಟ್ಟಿಗೆ ಅದೇ ಮೋಟಾರು ಅದರ ದುಪ್ಪಟ್ಟನ್ನೂ ಕೊಡಬಲ್ಲದು. 750 ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುವುದು ಎಷ್ಟೋ ಸಲ ಈ ಕ್ಷಣಿಕ ಅಂಕಿಯೇ.

ನಿಮ್ಮ ಏರಿನ ಲೆಕ್ಕವನ್ನೇ ಹಾಕಿ ನೋಡೋಣ. ಎಷ್ಟು ಕಡಿದಾಗಿದೆ ಎಂದು ನೀವು ಬರೆದಿಲ್ಲ. ನೂರು ಮೀಟರಿಗೆ ಐದು ಮೀಟರ್ ಏರುತ್ತದೆ ಎಂದಿಟ್ಟುಕೊಳ್ಳುತ್ತೇನೆ. ನೀವು, ಸೈಕಲ್, ಚೀಲ ಎಲ್ಲ ಸೇರಿ 105 ಕಿಲೋ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹತ್ತಲು ಚಕ್ರದ ಬಳಿ ಬೇಕಾಗುವುದು ಸುಮಾರು 285 ವ್ಯಾಟ್: ಭೂಮಿಯ ಸೆಳೆತಕ್ಕೆ 215, ಟೈರಿಗೂ ಗಾಳಿಗೂ ಉಳಿದದ್ದು. ಬೆವರದೆ ತುಳಿದರೂ ನೀವು 100 ವ್ಯಾಟ್ ಕೊಡುತ್ತೀರಿ. ಮೋಟಾರಿನ ಪಾಲು 185. ಏರು ಇದರ ಎರಡರಷ್ಟು ಕಡಿದಾಗಿದ್ದರೆ 10 ಕಿಲೋಮೀಟರ್ ವೇಗಕ್ಕೆ ಇಳಿಯಿರಿ, ಆಗಲೂ ಮೋಟಾರಿನ ಪಾಲು 220ರ ಆಸುಪಾಸಿನಲ್ಲೇ ಉಳಿಯುತ್ತದೆ. 250 ಹತ್ತುವುದಿಲ್ಲ ಎಂದವರು ತುಳಿಯದೆ ಕೂತು ಹತ್ತುವ ಮಾತಾಡಿರಬೇಕು.

ಆ ಇಡೀ ಏರು ನಿಮ್ಮ ಬ್ಯಾಟರಿಯಿಂದ ನುಂಗುವುದು ಹೆಚ್ಚುಕಡಿಮೆ 13 ವ್ಯಾಟ್-ಅವರ್ ಮಾತ್ರ, ಬರೀ ಒಂದು ತುತ್ತು. ಏರನ್ನು ನೋಡಿ ದೊಡ್ಡ ಬ್ಯಾಟರಿ ಕೊಳ್ಳುವವರು ಗಮನಿಸಬೇಕಾದದ್ದು ಇದು. ಬ್ಯಾಟರಿಯನ್ನು ಬರಿದು ಮಾಡುವುದು ವೇಗ, ಎದುರುಗಾಳಿ, ಮತ್ತೆ ಮತ್ತೆ ನಿಂತು ಹೊರಡುವುದು.

ಬ್ಯಾಟರಿಯ ಗಾತ್ರವನ್ನು ವೋಲ್ಟ್‌ನಿಂದ ಅಳೆಯಬೇಡಿ, ಆಂಪಿಯರ್-ಅವರ್‌ನಿಂದಲೂ ಬೇಡ. ಎರಡನ್ನೂ ಗುಣಿಸಿ. 36 ವೋಲ್ಟ್, 14 ಆಂಪಿಯರ್-ಅವರ್ ಎಂದರೆ 504 ವ್ಯಾಟ್-ಅವರ್. 48 ವೋಲ್ಟ್, 10.4 ಆಂಪಿಯರ್-ಅವರ್ ಎಂದರೆ 499. ಎರಡನೆಯದನ್ನು ದೊಡ್ಡದೆಂದು ಮಾರುವವರಿದ್ದಾರೆ. ಹದವಾಗಿ ತುಳಿಯುತ್ತ ಹದವಾದ ನೆರವು ಪಡೆದರೆ ಕಿಲೋಮೀಟರಿಗೆ 7ರಿಂದ 12 ವ್ಯಾಟ್-ಅವರ್ ಸಾಕು. ತುಳಿಯದೆ ಹಿಡಿಯನ್ನಷ್ಟೇ ತಿರುಗಿಸಿ ಓಡಿಸಿದರೆ ಇದರ ಎರಡರಷ್ಟೂ ಆಗಬಹುದು. ನಿಮ್ಮ ದಿನದ 22 ಕಿಲೋಮೀಟರಿಗೆ, ಕೈ ಬಿಚ್ಚಿ ಲೆಕ್ಕ ಹಾಕಿದರೂ, 264. ಜಾಹೀರಾತಿನ 100 ಕಿಲೋಮೀಟರ್ ಕನ್ನಡಿಯೊಳಗಿನ ಗಂಟು. ಹಗುರವಾದ ಸವಾರ, ಸಮತಟ್ಟು ರಸ್ತೆ, ಅತಿ ಕಡಿಮೆ ನೆರವು ಇದ್ದರೆ ಅದು ಸುಳ್ಳೇನಲ್ಲ, ಆದರೆ ನಿಮಗೆ ದಕ್ಕುವುದಿಲ್ಲ. ಬೇಕಾಗಿಯೂ ಇಲ್ಲ. ಬ್ಯಾಟರಿ ಹಳೆಯದಾಗಿ ಕಾಲು ಭಾಗ ಸೊರಗಿದರೂ 400ರಿಂದ 500 ವ್ಯಾಟ್-ಅವರ್ ನಿಮ್ಮನ್ನು ಮನೆ ಮುಟ್ಟಿಸುತ್ತದೆ. ಕಚೇರಿಯಲ್ಲಿ ಚಾರ್ಜ್ ಮಾಡಲು ಬಿಡುತ್ತಾರಾದರೆ 300 ಕೂಡ ಸಾಕು. ಹಗುರ ಸೈಕಲ್ಲಿನ ಬಾಗಿಲು ತೆರೆಯುವುದು ಅಲ್ಲೇ. ಕಚೇರಿಯಲ್ಲಿ ಒಮ್ಮೆ ಕೇಳಿ ನೋಡಿ.

ಮೋಟಾರು ಎಲ್ಲಿರಬೇಕು ಎಂಬ ಜಗಳ ಹಳೆಯದು. ಹಿಂಚಕ್ರದ ನಡುವೆ ಮೋಟಾರು ಕೂರಿಸುವ ಯೋಚನೆಗೆ 1895ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು. ಈ ಹಬ್ ಮೋಟಾರು ತನ್ನ ಪಾಡಿಗೆ ತಾನು ಚಕ್ರ ತಿರುಗಿಸುತ್ತದೆ. ಚೈನಿನ ಮೇಲೆ ಭಾರ ಹಾಕುವುದಿಲ್ಲ, ರಚನೆ ಸರಳ, ಬೆಲೆ ಕಡಿಮೆ. ಬಹಳ ಕಡಿದಾದ ಏರಿನಲ್ಲಿ ನಿಧಾನವಾದಾಗ ಮಾತ್ರ ತಿಣುಕುತ್ತದೆ, ಬಿಸಿಯಾಗುತ್ತದೆ. ಪೆಡಲ್ ಬಳಿಯ ಮೋಟಾರಿಗೆ ನಿಮ್ಮ ಗಿಯರುಗಳೇ ಆಸರೆ. ಎಂಥ ಏರಿನಲ್ಲೂ ಹಗುರ ಗಿಯರಿಗೆ ಇಳಿಸಿ ಹತ್ತಿಸಬಹುದು. ಅದರ ಬಲವೆಲ್ಲ ಚೈನಿನ ಮೂಲಕವೇ ಹಾಯುವುದರಿಂದ ಚೈನು, ಹಲ್ಲುಚಕ್ರ ಬೇಗ ಸವೆಯುತ್ತವೆ. ನ್ಯೂಟನ್-ಮೀಟರ್, ಅಂದರೆ ತಿರುಗಿಸುವ ಬಲದ ಅಳತೆ, ಅದರ ಹೋಲಿಕೆಗೆ ಮರುಳಾಗಬೇಡಿ: ಹಬ್ ಮೋಟಾರಿನ 40 ಎಂಬುದು ಚಕ್ರದಲ್ಲೇ ಸಿಗುವ 40. ಪೆಡಲ್ ಬಳಿಯ 60, ಮುಂದೆ 38 ಹಲ್ಲು, ಹಿಂದೆ 19 ಹಲ್ಲು ಇರುವ ಗಿಯರಿನಲ್ಲಿ ಚಕ್ರ ಮುಟ್ಟುವಾಗ 30 ಆಗಿರುತ್ತದೆ. ಹಿಂದೆಯೂ 38 ಹಲ್ಲಿನದಕ್ಕೆ ಇಳಿಸಿದರಷ್ಟೇ ಅದು 60. ನಿಮ್ಮದು ಒಂದೇ ಏರು, ಅದೂ ಸಾಧಾರಣವಾಗಿದ್ದರೆ, ಹಬ್ ಮೋಟಾರ್ ಸಾಕು ಎಂಬುದು ನನ್ನ ಅಭಿಪ್ರಾಯ. ಹಿಂಚಕ್ರ ಪಂಕ್ಚರ್ ಆದಾಗ ಮೋಟಾರಿನ ವೈರನ್ನು ಬೇರ್ಪಡಿಸಲು ಚಕ್ರದ ಬಳಿಯೇ ಒಂದು ಕೊಂಡಿ ಇದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ರಸ್ತೆಬದಿಯಲ್ಲಿ ನಿಂತು ಟ್ಯೂಬ್ ಬದಲಿಸುವ ಆಸೆ ಬಿಡಿ.

ನಿಮ್ಮ ಮಂಡಿಗೆ ಮೋಟಾರಿನ ಜಾಗಕ್ಕಿಂತ ಸೆನ್ಸರ್ ಮುಖ್ಯ. ಅಗ್ಗದ ಸೈಕಲ್ಲುಗಳಲ್ಲಿ ಪೆಡಲ್ ತಿರುಗುತ್ತಿದೆಯೇ ಇಲ್ಲವೇ ಎಂದಷ್ಟೇ ನೋಡುವ ಸೆನ್ಸರ್ ಇರುತ್ತದೆ. ಅದು ಎಚ್ಚರಗೊಳ್ಳುವುದಕ್ಕೆ ಅರ್ಧ ಸುತ್ತು ಬೇಕು. ಏರಿನಲ್ಲಿ ನಿಂತು ಹೊರಡುವಾಗ ಮಂಡಿಗೆ ನೋವಾಗುವುದು ಆ ಅರ್ಧ ಸುತ್ತಿನಲ್ಲೇ. ಆಮೇಲೆ ಒಮ್ಮೆಗೇ ತಳ್ಳುತ್ತದೆ. ಟಾರ್ಕ್ ಸೆನ್ಸರ್ ನೀವು ಎಷ್ಟು ಒತ್ತುತ್ತೀರಿ ಎಂದು ಅಳೆದು ಅದಕ್ಕೆ ತಕ್ಕಂತೆ ಬಲ ಸೇರಿಸುತ್ತದೆ. 1993ರಲ್ಲಿ ಯಮಹಾ ಕಂಪನಿ ಜಪಾನಿನಲ್ಲಿ ಮಾರುಕಟ್ಟೆಗೆ ತಂದ ಪೆಡಲ್ ನೆರವಿನ ಸೈಕಲ್ಲಿನ ತಿರುಳೇ ಇದಾಗಿತ್ತು. ಹಣ ಎಲ್ಲಾದರೂ ಹೆಚ್ಚು ಸುರಿಯುವುದಿದ್ದರೆ ಇಲ್ಲಿ ಸುರಿಯಿರಿ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್, 45 ಮಿಲಿಮೀಟರಿನ ಆಸುಪಾಸಿನ ಟೈರು, ಮುಖ್ಯ ಬ್ಯಾಟರಿಯಿಂದಲೇ ಉರಿಯುವ ದೀಪ, ಮಡ್‌ಗಾರ್ಡ್ ಇವೆಲ್ಲ ಇರಲೇಬೇಕು, ಚರ್ಚೆ ಬೇಡ. ಬಣ್ಣದ ಪರದೆ, ಮೊಬೈಲ್ ಆ್ಯಪ್ ಇಲ್ಲದಿದ್ದರೆ ಕೆಡುವ ವಸ್ತುಗಳು ಎರಡು ಕಡಿಮೆಯಾದವು ಎಂದುಕೊಳ್ಳಿ.

ವೈರ್ ಇಳಿಬಿಟ್ಟ ನಾಚಿಕೆಯ ಕತೆಗೆ ಬರುತ್ತೇನೆ. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಬೆಂಕಿ ನಿಮಿಷಗಳಲ್ಲಿ ಕೈಮೀರುತ್ತದೆ, ವಿಷದ ಹೊಗೆ ಅದಕ್ಕೂ ಮೊದಲೇ ತುಂಬುತ್ತದೆ. ಮೆಟ್ಟಿಲ ಕೆಳಗೆ ಹೊತ್ತಿದರೆ ಇಡೀ ಕಟ್ಟಡದವರು ಇಳಿಯುವ ಒಂದೇ ದಾರಿ ಮುಚ್ಚಿಹೋಗುತ್ತದೆ. ನಾನು ಅಂಥ ಜಾಗದಲ್ಲಿ, ರಾತ್ರಿಯಿಡೀ, ಎಲ್ಲರೂ ಮಲಗಿದ್ದಾಗ ಚಾರ್ಜ್ ಮಾಡುತ್ತಿದ್ದೆ. ಇಂಥ ಬೆಂಕಿಗಳಲ್ಲಿ ಜನ ಸತ್ತ ಮೇಲೆ ನ್ಯೂಯಾರ್ಕ್ ನಗರ 2023ರ ಸೆಪ್ಟೆಂಬರಿನಿಂದ ಮಾನ್ಯ ಸುರಕ್ಷತಾ ಪ್ರಮಾಣಪತ್ರ ಇಲ್ಲದ ವಿದ್ಯುತ್ ಸೈಕಲ್ ಮತ್ತು ಬ್ಯಾಟರಿಗಳ ಮಾರಾಟವನ್ನೇ ನಿಷೇಧಿಸಿತು. ಅಂಗಡಿಯಲ್ಲಿ ಕೇಳಬೇಕಾದ ಸುರಕ್ಷತಾ ಮಾನದಂಡಗಳ ಹೆಸರುಗಳು: ಇಡೀ ವಿದ್ಯುತ್ ವ್ಯವಸ್ಥೆಗೆ ಯುಎಲ್ 2849, ಬ್ಯಾಟರಿಗೆ ಯುಎಲ್ 2271, ಯೂರೋಪಿನ ಸೈಕಲ್ಲಾದರೆ ಇಎನ್ 15194. ಸೈಕಲ್ಲಿನೊಡನೆ ಬಂದ ಚಾರ್ಜರನ್ನೇ ಬಳಸಿ, ಮನೆಯಿಂದ ಹೊರಹೋಗುವ ಬಾಗಿಲ ಬಳಿ ಬೇಡ, ಎಚ್ಚರವಿರುವಾಗ ಮಾತ್ರ. ಸಾಮಾನ್ಯವಾದ 2 ಆಂಪಿಯರ್ ಚಾರ್ಜರ್ 500 ವ್ಯಾಟ್-ಅವರ್ ತುಂಬಲು ಆರೇಳು ಗಂಟೆ ತೆಗೆದುಕೊಳ್ಳುತ್ತದೆ; ನೀವು ದಿನಕ್ಕೆ ಖರ್ಚು ಮಾಡುವುದು ಅದರ ಅರ್ಧವಾದ್ದರಿಂದ ಸಂಜೆಯೇ ಮುಗಿದೀತು. ಬಿದ್ದು ಜಜ್ಜಿದ, ಉಬ್ಬಿದ, ನೀರು ಹೊಕ್ಕ ಬ್ಯಾಟರಿಗೆ ಎರಡನೆಯ ಅವಕಾಶ ಕೊಡಬೇಡಿ. ಇದೇ ಕಾರಣಕ್ಕೆ ಪೂರ್ವಾಪರ ಗೊತ್ತಿಲ್ಲದ ಹಳೆಯ ಬ್ಯಾಟರಿ ಇರುವ ಸೈಕಲ್ಲನ್ನು ಅಗ್ಗವೆಂದು ತರುವುದು ನನಗೆ ಒಪ್ಪಿಗೆಯಿಲ್ಲ.

ರಿಪೇರಿಯ ಬಗ್ಗೆ ಒಂದೇ ಪರೀಕ್ಷೆ. ಹಣ ಕೊಡುವ ಮೊದಲು, ಇದೇ ಮಾದರಿಗೆ ಇನ್ನೊಂದು ಬ್ಯಾಟರಿಯನ್ನು ಇವತ್ತೇ ಕೊಡಬಲ್ಲಿರಾ, ಬೆಲೆ ಎಷ್ಟು ಎಂದು ಕೇಳಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವ ಮಾರಾಟಗಾರ ಈ ಪ್ರಶ್ನೆಗೆ ತಡವರಿಸುತ್ತಾನೆ.

ಓಡಿಸಿ ನೋಡಲು ಬಿಟ್ಟರೆ ಅಂಗಡಿಯ ಮುಂದೆ ಎರಡು ಸುತ್ತು ಹಾಕಿ ಬರಬೇಡಿ. ಸಮತಟ್ಟಿನಲ್ಲಿ ಎಲ್ಲ ಸೈಕಲ್ಲುಗಳೂ ಚೆನ್ನಾಗಿಯೇ ಓಡುತ್ತವೆ. ಕಚೇರಿಯ ಚೀಲ ಹಾಕಿಕೊಂಡು ಹೋಗಿ. ಹತ್ತಿರದ ಏರಿನ ನಡುವೆ ಪೂರ್ತಿ ನಿಲ್ಲಿಸಿ, ಮತ್ತೆ ಹೊರಡಿ, ಮಂಡಿ ಏನು ಹೇಳುತ್ತದೆ ಕೇಳಿಸಿಕೊಳ್ಳಿ. ಮೋಟಾರ್ ಆರಿಸಿ ಒಂದು ಕಿಲೋಮೀಟರ್ ತುಳಿಯಿರಿ, ಎಂದೋ ಒಂದು ದಿನ ಹಾಗೆಯೇ ಮನೆಗೆ ಬರಬೇಕಾಗುತ್ತದೆ. ಹೋಗುವಾಗ ಪ್ರಯಾಣದ ಪೆಟ್ಟಿಗೆ ತೂಗಿ ನೋಡುವ ಕೊಕ್ಕೆಯ ತಕ್ಕಡಿಯನ್ನು ಜೇಬಿಗೆ ಹಾಕಿಕೊಳ್ಳಿ. ಕಂಪನಿಯ ಪಟ್ಟಿಯಲ್ಲಿರುವ ತೂಕದಲ್ಲಿ ಕೆಲವೊಮ್ಮೆ ಬ್ಯಾಟರಿ, ಕ್ಯಾರಿಯರ್, ಮಡ್‌ಗಾರ್ಡ್ ಸೇರಿರುವುದಿಲ್ಲ. ಕೆಳಗೆ ಜಾಗ ಇಲ್ಲ ಎಂಬುದು ಖಚಿತವಾಗಿದ್ದು ತಕ್ಕಡಿಯ ಮುಳ್ಳು 18 ದಾಟಿದರೆ, ಆ ಸೈಕಲ್ಲನ್ನು ಗೋಡೆಗೆ ಒರಗಿಸಿ ಪಕ್ಕದ್ದನ್ನು ತೋರಿಸಿ ಎನ್ನಿ.